ಹುಟ್ಟಿದ ಮಗುವಿಗೆ ಮೊದಲ ನೀರು ಯಾವಾಗ?

ಮಕ್ಕಳ ಆರೋಗ್ಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಎದೆಹಾಲಿನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಉತ್ತರದಲ್ಲಿ ‘ಮೊದಲ ದಿನ ಮಗುವಿಗೆ ಸ್ನಾನ ಬೇಡ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಉಳಿದ ಇಡೀ ಉತ್ತರಕ್ಕಿಂತ ಆ ಒಂದು ಸಾಲಿಗೇ ಹೆಚ್ಚು ಪತ್ರಗಳು ಬಂದಿವೆ. ಕೆಲವರು ಕಾರಣ ಕೇಳಿದ್ದಾರೆ, ಕೆಲವರು ನೇರವಾಗಿಯೇ ಆಕ್ಷೇಪಿಸಿದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಅದೊಂದೇ ವಿಷಯಕ್ಕೆ ಬಿಟ್ಟುಕೊಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟು, ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ಮಾನ್ಯ ಡಾಕ್ಟರೇ, ನನಗೆ ಎಂಟು ತಿಂಗಳು ತುಂಬಿದೆ. ಹೆರಿಗೆಯಾದ ಕೂಡಲೇ ಮಗುವಿಗೆ ಸ್ನಾನ ಮಾಡಿಸುವ ಪದ್ಧತಿ ತಮ್ಮಲ್ಲಿಲ್ಲ, ಏನಿದ್ದರೂ ಮರುದಿನ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ರಕ್ತ, ನೀರು ಮೆತ್ತಿಕೊಂಡ ಕೂಸನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿಡುವುದು ನಮ್ಮ ಮನೆಯಲ್ಲಿ ಯಾರಿಗೂ ಒಪ್ಪಿಗೆಯಾಗುತ್ತಿಲ್ಲ. ಆಸ್ಪತ್ರೆಯವರು ಕೆಲಸ ತಪ್ಪಿಸಿಕೊಳ್ಳಲು ಹೀಗೆ ಹೇಳುತ್ತಾರೆ ಎಂದು ನಮ್ಮತ್ತೆಯವರ ಅನುಮಾನ. ನಿಜವಾಗಿ ಎಷ್ಟು ಹೊತ್ತು ಕಾಯಬೇಕು?
– ಗರ್ಭಿಣಿ, ಹಾಸನ

ಉತ್ತರ: ಕಡಿಮೆಯೆಂದರೂ 24 ಗಂಟೆ ಕಾಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಬಾಣಂತಿ ಮತ್ತು ಶಿಶು ಆರೈಕೆಯ ಮಾರ್ಗಸೂಚಿಯಲ್ಲಿ, ಸ್ನಾನವನ್ನು ಹುಟ್ಟಿದ 24 ಗಂಟೆಗಳ ನಂತರಕ್ಕೆ ಮುಂದೂಡಬೇಕು, ಸಂಪ್ರದಾಯದ ಕಾರಣಕ್ಕೆ ಅದು ಸಾಧ್ಯವೇ ಇಲ್ಲವೆಂದಾದರೆ ಆರು ಗಂಟೆಯಾದರೂ ತಡೆಯಬೇಕು ಎಂದಿತ್ತು. 2022ರ ಪರಿಷ್ಕೃತ ಶಿಫಾರಸಿನಲ್ಲಿಯೂ ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿನ ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ತಡಮಾಡಬೇಕೆಂದೇ ಇದೆ. ನಿಮ್ಮ ಆಸ್ಪತ್ರೆಯವರು ಸೋಮಾರಿತನಕ್ಕೆ ಹಾಗೆ ಹೇಳಿಲ್ಲ. ನಿಜ ಹೇಳಬೇಕೆಂದರೆ ಮಗುವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಪುಡಿ ಹಚ್ಚಿ, ಹೊರಗೆ ಕಾದಿರುವ ನೆಂಟರ ಕೈಗೆ ಕೊಟ್ಟುಬಿಡುವುದು ಎಲ್ಲಕ್ಕಿಂತ ಸುಲಭದ ಕೆಲಸ. ಆ ಮಗುವನ್ನು ತಾಯಿಯ ಎದೆಯ ಮೇಲೆ ಗಂಟೆಗಟ್ಟಲೆ ಬೆಚ್ಚಗೆ ಇರುವಂತೆ ನೋಡಿಕೊಳ್ಳುವುದಕ್ಕೇ ಹೆಚ್ಚು ಕೈಗಳು ಬೇಕು.

ಇನ್ನು ಕಾರಣ. ಗರ್ಭದಲ್ಲಿ ಮಗು ತಾಯಿಯ ಮೈಶಾಖಕ್ಕಿಂತ ತುಸು ಹೆಚ್ಚಿನ ಶಾಖದಲ್ಲಿ ತೇಲುತ್ತಿರುತ್ತದೆ. ಅಲ್ಲಿಂದ ಒದ್ದೆ ಮೈಯಲ್ಲಿ ಹೆರಿಗೆ ಕೋಣೆಗೆ ಬೀಳುತ್ತದೆ. ಆ ಕೋಣೆಯನ್ನು 25ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡಬೇಕೆಂಬ ನಿಯಮವಿದೆ. ಫ್ಯಾನು ಅಥವಾ ಎ.ಸಿ. ಓಡುತ್ತಿದ್ದರೆ ಆ ನಿಯಮ ಕಾಗದದ ಮೇಲೆ ಉಳಿಯುತ್ತದೆ. ಮೈಮೇಲಿನ ನೀರು ಆವಿಯಾಗುವಾಗ ಮೈಯ ಶಾಖವನ್ನೇ ಹೀರಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿದಾಗ ಒಳಗಿನ ನೀರು ತಣ್ಣಗಾಗುವುದು ಇದೇ ತತ್ತ್ವದಿಂದ. ಮೂರು ಕಿಲೋ ತೂಕದ ಮಗುವಿನ ಚರ್ಮದಿಂದ ಒಂದು ಚಿಕ್ಕ ಚಮಚದಷ್ಟು, ಅಂದರೆ ಸುಮಾರು ಐದು ಗ್ರಾಂ ನೀರು ಆವಿಯಾದರೆ, ಅದು ಸೆಳೆದುಕೊಳ್ಳುವ ಶಾಖ ಆ ಮಗುವಿನ ಮೈಯನ್ನು ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾಗಿಸಲು ಸಾಕು. ಏನೂ ಆರೈಕೆ ಮಾಡದೆ ಒದ್ದೆಯಾಗಿ ಬಿಟ್ಟ ಶಿಶುವಿನ ಮೈಶಾಖ ಮೊದಲ ಹತ್ತಿಪ್ಪತ್ತು ನಿಮಿಷಗಳಲ್ಲೇ ಎರಡರಿಂದ ನಾಲ್ಕು ಡಿಗ್ರಿ ಕುಸಿಯಬಹುದು.

ನಮಗೆ ಚಳಿಯಾದರೆ ಮೈ ನಡುಗಿ ಶಾಖ ಹುಟ್ಟುತ್ತದೆ. ಹಸುಗೂಸಿಗೆ ಆ ಉಪಾಯ ಇನ್ನೂ ಬಂದಿರುವುದಿಲ್ಲ. ಅದಕ್ಕಿರುವುದು ಕತ್ತಿನ ಹಿಂದೆ, ಹೆಗಲ ಮೂಳೆಗಳ ನಡುವೆ, ಮೂತ್ರಪಿಂಡಗಳ ಸುತ್ತ ಕೂಡಿಟ್ಟುಕೊಂಡ ಕಂದು ಬಣ್ಣದ ಒಂದು ಬಗೆಯ ಕೊಬ್ಬು ಮಾತ್ರ. ಅದನ್ನು ಉರಿಸಿ ಶಾಖ ಪಡೆಯಲು ಮಗು ಆಮ್ಲಜನಕವನ್ನೂ ರಕ್ತದ ಸಕ್ಕರೆಯನ್ನೂ ಖರ್ಚು ಮಾಡಬೇಕು, ಮತ್ತು ಹುಟ್ಟಿದ ಮೊದಲ ಗಂಟೆಗಳಲ್ಲಿ ಅದರ ಬಳಿ ಇವೆರಡೂ ಧಾರಾಳವಾಗಿ ಇರುವುದಿಲ್ಲ. ಶ್ವಾಸಕೋಶ ಆಗಷ್ಟೇ ಗಾಳಿ ತುಂಬಿಕೊಂಡಿದೆ, ಹೊಕ್ಕುಳ ಬಳ್ಳಿಯಿಂದ ಬರುತ್ತಿದ್ದ ಸಕ್ಕರೆ ನಿಂತಿದೆ, ಎದೆಹಾಲು ಇನ್ನೂ ಹನಿ ಹನಿಯಾಗಿ ಸಿಗುತ್ತಿದೆ. ಈ ಹೊತ್ತಿನಲ್ಲಿ ಚಳಿಯಾದ ಮಗು ಮೊದಲು ಸುಸ್ತಾಗುತ್ತದೆ, ನಂತರ ಮೊಲೆ ಹಿಡಿಯುವುದನ್ನು ಬಿಡುತ್ತದೆ. ಹಾಲಿಲ್ಲದೆ ಸಕ್ಕರೆ ಇನ್ನಷ್ಟು ಇಳಿಯುತ್ತದೆ.

‘ಬಿಸಿ ನೀರಿನಲ್ಲಿ ತಾನೇ ಸ್ನಾನ ಮಾಡಿಸುವುದು’ ಎಂದು ನಿಮ್ಮತ್ತೆಯವರು ಕೇಳಬಹುದು. ನೀರಿನೊಳಗೆ ಇರುವವರೆಗೆ ಮಗು ಬೆಚ್ಚಗೇ ಇರುತ್ತದೆ, ಅಪಾಯ ಬರುವುದು ನೀರಿನಿಂದ ಹೊರಗೆ ತೆಗೆದ ಮೇಲೆ. ಉಗಾಂಡದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವು ಶಿಶುಗಳಿಗೆ ಹುಟ್ಟಿದ ಒಂದು ಗಂಟೆಯ ಹೊತ್ತಿಗೆ ಬೆಚ್ಚಗಿನ ನೀರಿನಲ್ಲಿಯೇ ಸ್ನಾನ ಮಾಡಿಸಿದರು, ಉಳಿದವಕ್ಕೆ ಮಾಡಿಸಲಿಲ್ಲ. ಎರಡೂ ಗುಂಪಿನ ಮಕ್ಕಳನ್ನು ತಾಯಿಯ ಎದೆಗೆ ಒರಗಿಸಿಯೇ ಇಟ್ಟಿದ್ದರು. ಅಷ್ಟಾದರೂ ಸ್ನಾನವಾದ ಮಕ್ಕಳಲ್ಲಿಯೇ ಮೈ ತಣ್ಣಗಾದವು ಹೆಚ್ಚಿದ್ದವು. ಉಗಾಂಡವೇನೂ ಹಿಮ ಬೀಳುವ ಊರಲ್ಲ.

ಈಗ ನಿಮ್ಮ ಮನೆಯವರಿಗೆ ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ಸ್ನಾನ ಬೇಡವೆಂದರೆ ಮಗುವನ್ನು ರಕ್ತ ನೀರಿನ ಸಮೇತ ಸುತ್ತಿಡುವುದು ಎಂದರ್ಥವಲ್ಲ. ಹುಟ್ಟಿದ ತಕ್ಷಣ ಬೆಚ್ಚಗಿನ ಒಣ ಬಟ್ಟೆಯಿಂದ ತಲೆಯಿಂದ ಕಾಲಿನವರೆಗೆ ಚೆನ್ನಾಗಿ ಒರೆಸಬೇಕು. ಒದ್ದೆಯಾದ ಆ ಬಟ್ಟೆಯನ್ನು ತೆಗೆದುಹಾಕಿ ಇನ್ನೊಂದು ಒಣ ಬಟ್ಟೆ ಹೊದಿಸಬೇಕು. ತಲೆಗೆ ಕುಲಾವಿ ಹಾಕಿ ತಾಯಿಯ ಬರಿ ಎದೆಯ ಮೇಲೆ ಬೋರಲು ಮಲಗಿಸಬೇಕು. ರಕ್ತ, ಹೇಲು ಅಂಟಿದ್ದರೆ ಈ ಒರೆಸುವಿಕೆಯಲ್ಲೇ ಹೋಗುತ್ತದೆ. ಎರಡು ಬಟ್ಟೆ ಬೇಕು ಎನ್ನುವುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಒರೆಸಿದ ಬಟ್ಟೆಯಲ್ಲಿಯೇ ಮಗುವನ್ನು ಸುತ್ತಿಡುವುದನ್ನು ನಾನು ದೊಡ್ಡ ಆಸ್ಪತ್ರೆಗಳಲ್ಲಿಯೂ ನೋಡಿದ್ದೇನೆ. ಹೆರಿಗೆಗೆ ಹೋಗುವಾಗ ಒಗೆದು ಬಿಸಿಲಲ್ಲಿ ಒಣಗಿಸಿದ ಹಳೆಯ ಹತ್ತಿ ಸೀರೆ ಅಥವಾ ಪಂಚೆಯ ನಾಲ್ಕೈದು ತುಂಡುಗಳನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಮಗುವನ್ನು ಹೊದಿಸಲು ಅದಕ್ಕಿಂತ ಒಳ್ಳೆಯ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ.

ಪುರುಡಿನ ಮಾತೂ ನಿಮ್ಮ ಮನೆಯಲ್ಲಿ ಬಂದಿರಬಹುದು. ಹತ್ತು ದಿನದ ಪುರುಡು ಹೇಗೂ ಹನ್ನೊಂದನೆಯ ದಿನದ ಸ್ನಾನದಿಂದಲೇ ಕಳೆಯುವುದು ಎಂದ ಮೇಲೆ, ಮೊದಲ ದಿನ ಕೂಸಿನ ತಲೆಗೆ ನೀರು ಬಿದ್ದರೂ ಬೀಳದಿದ್ದರೂ ಶಾಸ್ತ್ರಕ್ಕೆ ಲೋಪವಿಲ್ಲ. ಅತ್ತೆಯವರಿಗೆ ಈ ಮಾತನ್ನು ನೀವು ಹೇಳುವುದಕ್ಕಿಂತ ಅವರ ಮಗನ ಬಾಯಿಂದ ಹೇಳಿಸುವುದು ಒಳ್ಳೆಯದು.

ಪ್ರಶ್ನೆ: ನನಗೆ ಎಪ್ಪತ್ತೆರಡು ವರ್ಷ. ನಮ್ಮ ಕಾಲದಲ್ಲಿ ಸೂಲಗಿತ್ತಿ ಬಂದು ಹೊಕ್ಕುಳ ಕೊಯ್ದ ಕೂಡಲೇ ಬಿಸಿನೀರಿನಲ್ಲಿ ಮಗುವನ್ನು ತೊಳೆದು ಕೈಗೆ ಕೊಡುತ್ತಿದ್ದಳು. ನನ್ನ ಮಕ್ಕಳೆಲ್ಲ ಹಾಗೆಯೇ ಬೆಳೆದರು, ಯಾರಿಗೂ ಏನೂ ಆಗಲಿಲ್ಲ. ಈಗ ನನ್ನ ಮೊಮ್ಮಗಳ ಮಗುವಿನ ಮೈಮೇಲೆ ಬೆಣ್ಣೆಯಂಥ ಬಿಳಿ ಜಿಡ್ಡು ಇದ್ದರೂ ನರ್ಸುಗಳು ತೆಗೆಯಲು ಬಿಡಲಿಲ್ಲ. ಆ ಕೊಳೆಯನ್ನು ಬಿಟ್ಟರೆ ಮಗುವಿಗೆ ಚರ್ಮದ ಕಾಯಿಲೆ ಬರುವುದಿಲ್ಲವೆ?
– ಮುತ್ತಜ್ಜಿ, ಶಿರಸಿ

ಉತ್ತರ: ಅಮ್ಮಾ, ಆ ಜಿಡ್ಡು ಕೊಳೆಯಲ್ಲ. ಮಗು ಒಂಬತ್ತು ತಿಂಗಳು ನೀರಿನಲ್ಲಿ ಇದ್ದರೂ ಅದರ ಚರ್ಮ ಸುಕ್ಕಾಗದೆ, ಬಿರಿಯದೆ ಇರಲೆಂದು ಮಗುವಿನ ಮೈಯೇ ತಯಾರಿಸಿಕೊಂಡ ಲೇಪನ ಅದು. ವೈದ್ಯರು ಇದನ್ನು ವರ್ನಿಕ್ಸ್ ಎನ್ನುತ್ತಾರೆ. ಅದರಲ್ಲಿ ನೂರಕ್ಕೆ ಸುಮಾರು ಎಂಬತ್ತು ಭಾಗ ನೀರೇ ಇರುತ್ತದೆ. ಉಳಿದದ್ದು ಹೆಚ್ಚುಕಡಿಮೆ ಸಮಪಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು. ಆ ಪ್ರೋಟೀನುಗಳಲ್ಲಿ ಕೆಲವು ರೋಗಾಣುಗಳನ್ನು ತಡೆಯುವ ಗುಣವುಳ್ಳವು. ಹುಟ್ಟಿದ ಮೇಲೆ ಚರ್ಮ ಒಣಗದಂತೆ ನೋಡಿಕೊಳ್ಳುವುದೂ ಅದರ ಕೆಲಸ. ತಿಕ್ಕಿ ತೆಗೆಯದೆ ಬಿಟ್ಟರೆ ಒಂದೆರಡು ದಿನದಲ್ಲಿ ಅದು ಚರ್ಮದೊಳಗೆ ಇಂಗಿಹೋಗುತ್ತದೆ. ಕಂಕುಳು, ತೊಡೆಸಂದುಗಳಲ್ಲಿ ದಪ್ಪಗೆ ಉಳಿದಿದ್ದರೆ ಮೊದಲ ಸ್ನಾನದಲ್ಲಿ ತಾನಾಗಿ ಹೋಗುತ್ತದೆ. ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳಲ್ಲಿ ಈ ಜಿಡ್ಡು ಹೆಚ್ಚು, ದಿನ ಮೀರಿದವರಲ್ಲಿ ತೀರಾ ಕಡಿಮೆ. ಅಂಥ ಮಕ್ಕಳ ಅಂಗೈ ಅಂಗಾಲು ಸಿಪ್ಪೆ ಸುಲಿಯುವುದನ್ನು ನೀವೂ ಕಂಡಿರುತ್ತೀರಿ.

ನಿಮ್ಮ ಮಕ್ಕಳಿಗೆ ಏನೂ ಆಗಲಿಲ್ಲ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ದಿನ ತುಂಬಿದ, ತೂಕವಾಗಿರುವ ಮಗು ಆ ಚಳಿಯನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಮೇಲಾಗಿ ಆ ಕಾಲದ ಬಾಣಂತಿ ಕೋಣೆಗೆ ಕಿಟಕಿ ಇರುತ್ತಿರಲಿಲ್ಲ, ಅಗ್ಗಿಷ್ಟಿಕೆ ಇರುತ್ತಿತ್ತು, ಮಗು ದಿನವಿಡೀ ಯಾರದೋ ಮಡಿಲಲ್ಲಿ ಇರುತ್ತಿತ್ತು. ಆದರೆ ಅದೇ ಕಾಲದಲ್ಲಿ ‘ಕೂಸು ಹಾಲು ಹಿಡಿಯಲಿಲ್ಲ, ಮೂರನೆಯ ದಿನ ಹೋಯಿತು’ ಎಂಬ ಮಾತು ಊರಿನಲ್ಲಿ ಅಪರೂಪವಾಗಿರಲಿಲ್ಲ ಎಂಬುದೂ ನಿಮಗೆ ನೆನಪಿರಬೇಕು. ಆ ಮಕ್ಕಳಲ್ಲಿ ಎಷ್ಟೋ ಸಣ್ಣ ತೂಕದವು. ಸ್ನಾನದ ನಿಯಮವನ್ನು ಗಟ್ಟಿ ಮಗುವನ್ನು ನೋಡಿ ಮಾಡಲಾಗದು. ದುರ್ಬಲ ಮಗುವನ್ನು ನೋಡಿಯೇ ಮಾಡಬೇಕಾಗುತ್ತದೆ.

ಇನ್ನೊಂದು ಸಂಗತಿ ನಿಮಗೆ ಸಮಾಧಾನ ತರಬಹುದು. ಈ ವಿಷಯದಲ್ಲಿ ಎಡವಿದ್ದು ಅಜ್ಜಿಯಂದಿರು ಮಾತ್ರವಲ್ಲ. 1950–60ರ ದಶಕಗಳಲ್ಲಿ ಅಮೆರಿಕ ಮತ್ತಿತರ ದೇಶಗಳ ಆಸ್ಪತ್ರೆಗಳೇ ಸೋಂಕು ತಡೆಯುವ ಹುಮ್ಮಸ್ಸಿನಲ್ಲಿ ನವಜಾತ ಶಿಶುಗಳಿಗೆ ಹೆಕ್ಸಾಕ್ಲೋರೋಫೀನ್ ಎಂಬ ರಾಸಾಯನಿಕ ಬೆರೆತ ಸೋಪಿನಿಂದ ಸ್ನಾನ ಮಾಡಿಸುತ್ತಿದ್ದವು. ಅದು ತೆಳು ಚರ್ಮದ ಮೂಲಕ ಒಳಸೇರಿ ಮೆದುಳಿಗೆ ಹಾನಿ ಮಾಡುತ್ತದೆಂದು ತಿಳಿದ ಮೇಲೆ, 1972ರಲ್ಲಿ ಅಮೆರಿಕ ಸರ್ಕಾರ ಅದರ ಬಳಕೆಗೆ ಕಡಿವಾಣ ಹಾಕಿತು. ಶಿಶುವಿನ ಚರ್ಮಕ್ಕೆ ನೀರು, ಸೋಪು ಆದಷ್ಟು ಸೋಕಿಸದೆ ಇಡುವುದೇ ಲೇಸೆಂಬ ತಿಳಿವಳಿಕೆ ಆಸ್ಪತ್ರೆಗಳಲ್ಲಿ ಬೇರೂರಿದ್ದು ಅದರ ನಂತರ.

ಪ್ರಶ್ನೆ: ನನಗೆ ಸಿಸೇರಿಯನ್ ಆಗಲಿದೆ. ಆಪರೇಷನ್ ಆದ ಮೇಲೆ ಮಗುವನ್ನು ನನ್ನ ಎದೆಯ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲವಲ್ಲ, ಹಾಗಿದ್ದಾಗ ಬೇಗ ಸ್ನಾನ ಮಾಡಿಸಬಹುದೆ?
– ಶಿಕ್ಷಕಿ, ಮಂಡ್ಯ

ಉತ್ತರ: ಬೇಡ. ಆಪರೇಷನ್ ಕೋಣೆ ಸಾಮಾನ್ಯವಾಗಿ ಹೆರಿಗೆ ಕೋಣೆಗಿಂತ ತಣ್ಣಗಿರುವುದರಿಂದ ನಿಮ್ಮ ಮಗುವಿಗೆ ಚಳಿಯ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಬೆನ್ನುಮೂಳೆಗೆ ಕೊಡುವ ಅರಿವಳಿಕೆಯಲ್ಲಿ ನೀವು ಎಚ್ಚರವಾಗಿಯೇ ಇರುತ್ತೀರಿ. ಮಗು ಚೆನ್ನಾಗಿದ್ದರೆ ಹೊಲಿಗೆ ಹಾಕುತ್ತಿರುವಾಗಲೇ ಎದೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಳ್ಳಲು ಸಾಧ್ಯ. ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ನಿಮಗೆ ಆಗದಿದ್ದರೆ ಮಗುವಿನ ತಂದೆ ಅಂಗಿ ಬಿಚ್ಚಿ ಎದೆಗೆ ಒರಗಿಸಿಕೊಳ್ಳಲಿ. ಗಂಡಸಿನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಪ್ರಶ್ನೆ: ನನ್ನ ಹೆಂಡತಿಗೆ ಎಂಟನೇ ತಿಂಗಳಲ್ಲಿಯೇ ಹೆರಿಗೆಯಾಯಿತು. ಮಗು 1 ಕಿಲೋ 750 ಗ್ರಾಂ ಇದೆ. ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಇಟ್ಟಿದ್ದರು, ಈಗ ತಾಯಿಯ ಬಳಿ ಕೊಟ್ಟಿದ್ದಾರೆ. ಒಂಬತ್ತು ದಿನವಾದರೂ ಒಂದು ಸಲವೂ ನೀರು ಹಾಕಿಲ್ಲ. ಮನೆಗೆ ಹೋದ ದಿನವೇ ಎರೆಯಬೇಕೆಂದು ನಮ್ಮ ತಾಯಿ ಹೇಳುತ್ತಿದ್ದಾರೆ.
– ರೈತ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ದಯವಿಟ್ಟು ನಿಮ್ಮ ತಾಯಿಯವರನ್ನು ತಡೆಯಿರಿ. ಮೇಲೆ ಹೇಳಿದ 24 ಗಂಟೆಯ ಲೆಕ್ಕ ದಿನ ತುಂಬಿದ ಮಗುವಿಗೆ ಮಾತ್ರ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವನ್ನು ಕಡಿಮೆ ತೂಕದ್ದೆಂದೇ ಎಣಿಸುತ್ತೇವೆ; ನಿಮ್ಮ ಮಗುವಿನ ಹಾಗೆ ಎರಡು ಕಿಲೋವನ್ನೂ ಮುಟ್ಟದ ಮಗುವಿಗೆ, ತೂಕ ಎರಡು ಕಿಲೋ ದಾಟಿ ದಿನದಿಂದ ದಿನಕ್ಕೆ ಏರುತ್ತಿದೆ ಎಂದು ಖಚಿತವಾಗುವವರೆಗೆ ಸ್ನಾನವನ್ನು ಮುಂದೂಡಬೇಕು. ಎಷ್ಟು ದಿನವಾಯಿತು ಎಂದು ಕ್ಯಾಲೆಂಡರ್ ನೋಡಬೇಡಿ, ತಕ್ಕಡಿ ನೋಡಿ. ನಾನು ಹೇಳಿದ ಕಂದು ಕೊಬ್ಬು ಕೂಡಿಕೊಳ್ಳುವುದು ಹೆಚ್ಚಾಗಿ ಗರ್ಭದ ಕೊನೆಯ ತಿಂಗಳುಗಳಲ್ಲಿ. ನಿಮ್ಮ ಮಗು ಅದನ್ನು ಕೂಡಿಸಿಕೊಳ್ಳುವ ಮೊದಲೇ ಹೊರಗೆ ಬಂದಿದೆ. ಚರ್ಮ ತೆಳು, ಮೈಯ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ದೊಡ್ಡದು. ಬಿಸಿಲೂರು ಎಂದು ಮೋಸಹೋಗಬೇಡಿ. ಏಪ್ರಿಲ್ ತಿಂಗಳ ಕೊಪ್ಪಳದಲ್ಲಿಯೂ ಒದ್ದೆ ಮಗುವಿನ ಮೇಲೆ ಫ್ಯಾನಿನ ಗಾಳಿ ಬಿದ್ದರೆ ಮೈ ತಣ್ಣಗಾಗುತ್ತದೆ.

ಅಲ್ಲಿಯವರೆಗೆ ಮಗುವನ್ನು ಸ್ವಚ್ಛವಾಗಿಡಲು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು. ಮುಖ, ಕತ್ತಿನ ಮಡಿಕೆ, ಕಂಕುಳು, ತೊಡೆಸಂದು, ಕುಂಡೆ, ಇಷ್ಟನ್ನು ಒಂದೊಂದಾಗಿ ತೆರೆದು, ಒರೆಸಿ, ಒಣಗಿಸಿ, ಮುಚ್ಚಿ ಮುಂದಕ್ಕೆ ಹೋಗಬೇಕು. ಇಡೀ ಮೈಯನ್ನು ಒಮ್ಮೆಲೇ ಬಿಚ್ಚಬಾರದು.

ಇದಕ್ಕಿಂತ ಮುಖ್ಯವಾದದ್ದು ಕಾಂಗರೂ ಆರೈಕೆ. ಆಸ್ಪತ್ರೆಯಲ್ಲಿ ನಿಮ್ಮ ಹೆಂಡತಿಗೆ ಖಂಡಿತ ಕಲಿಸಿರುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ, ಮಕ್ಕಳನ್ನು ಬೆಚ್ಚಗಿಡುವ ಯಂತ್ರಗಳ ಕೊರತೆಯಿಂದಾಗಿ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಆರಂಭಿಸಿದ ಈ ಪದ್ಧತಿಯಲ್ಲಿ, ಡೈಪರು, ಕುಲಾವಿ, ಕಾಲುಚೀಲ ಬಿಟ್ಟು ಬೇರೇನೂ ಇಲ್ಲದ ಮಗುವನ್ನು ತಾಯಿಯ ಸ್ತನಗಳ ನಡುವೆ ನೇರವಾಗಿ ಕಟ್ಟಿಕೊಳ್ಳುತ್ತಾರೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಒಂದರಿಂದ 1.8 ಕಿಲೋ ಒಳಗಿನ ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ತಕ್ಷಣವೇ ಕಾಂಗರೂ ಆರೈಕೆ ಆರಂಭಿಸಿದ ಗುಂಪಿನಲ್ಲಿ ಮೊದಲ 28 ದಿನಗಳ ಸಾವಿನ ಪ್ರಮಾಣ ನೂರಕ್ಕೆ 12 ಇತ್ತು. ಮಗು ಚೇತರಿಸಿಕೊಂಡ ಮೇಲೆ ಆರಂಭಿಸಿದ ಗುಂಪಿನಲ್ಲಿ 15.7 ಇತ್ತು. ನಿಮ್ಮ ಕೊಪ್ಪಳ ಜಿಲ್ಲೆಯಲ್ಲಿಯೇ ಸರ್ಕಾರಿ ಆಸ್ಪತ್ರೆಗಳ ಮೂಲಕ ಈ ಆರೈಕೆಯನ್ನು ಹಳ್ಳಿಗಳವರೆಗೆ ಮುಟ್ಟಿಸುವ ಕೆಲಸ ನಡೆದಿದೆ. ಮಗುವಿಗೆ ಸ್ನಾನ ಮಾಡಿಸಲೇಬೇಕೆಂಬ ಉತ್ಸಾಹ ನಿಮ್ಮ ತಾಯಿಯವರಿಗೆ ಇದ್ದರೆ, ಸೊಸೆ ಸ್ನಾನಕ್ಕೋ ಊಟಕ್ಕೋ ಎದ್ದಾಗ ಮೊಮ್ಮಗುವನ್ನು ತಮ್ಮ ಎದೆಗೆ ಕಟ್ಟಿಕೊಳ್ಳುವ ಕೆಲಸವನ್ನು ಅವರಿಗೆ ವಹಿಸಿ. ಅಜ್ಜಿಯರು ಇದನ್ನು ಬಲುಬೇಗ ಕಲಿಯುತ್ತಾರೆ.

ಪ್ರಶ್ನೆ: ನನಗೆ ಹೆಪಟೈಟಿಸ್ ಬಿ ಇದೆ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿದೆ. ನನ್ನ ರಕ್ತ ಮಗುವಿನ ಮೈಮೇಲೆ ಇಡೀ ದಿನ ಇದ್ದರೆ ಅದಕ್ಕೂ ಅಂಟುವುದಿಲ್ಲವೆ?
– ಓದುಗರು, ಬೆಂಗಳೂರು

ಉತ್ತರ: ಕಾಯುವ ನಿಯಮಕ್ಕೆ ಇರುವ ಮುಖ್ಯ ವಿನಾಯಿತಿ ಇದೇ. ತಾಯಿಗೆ ಹೆಪಟೈಟಿಸ್ ಬಿ ಅಥವಾ ಎಚ್‌ಐವಿ ಇದ್ದಾಗ, ಮಗುವಿನ ಮೈಶಾಖ ಸ್ಥಿರವಾಯಿತೆಂದು ಖಚಿತಪಡಿಸಿಕೊಂಡು ಹೆಚ್ಚು ತಡಮಾಡದೆ ಸ್ನಾನ ಮಾಡಿಸುವುದನ್ನು ವೈದ್ಯರು ಆರಿಸಿಕೊಳ್ಳಬಹುದು; ಚುಚ್ಚುಮದ್ದು ಹಾಕುವ ಜಾಗದ ಚರ್ಮದ ಮೇಲೆ ತಾಯಿಯ ರಕ್ತ ಉಳಿದಿರಬಾರದೆಂಬುದು ಇದರ ಹಿಂದಿನ ಎಚ್ಚರಿಕೆ. ಆ ತೀರ್ಮಾನವನ್ನು ಅವರಿಗೇ ಬಿಡಿ. ಆದರೆ ಮಗುವನ್ನು ಕಾಪಾಡುವುದು ಸ್ನಾನ ಎಂದು ಮಾತ್ರ ತಿಳಿಯಬೇಡಿ. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸು, ಅದರೊಂದಿಗೆ 12 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ (ರೋಗಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದು, ಮುಂದೆ ತಪ್ಪದೆ ಉಳಿದ ಡೋಸುಗಳು, ಇವೇ ರಕ್ಷಣೆ. ಇಮ್ಯುನೊಗ್ಲಾಬ್ಯುಲಿನ್ ಎಲ್ಲ ಆಸ್ಪತ್ರೆಗಳಲ್ಲಿ ಸಿದ್ಧವಾಗಿ ಇರುವುದಿಲ್ಲ. ಹೆರಿಗೆಗೆ ಮೊದಲೇ ತರಿಸಿಡಲು ಹೇಳಿ. ಲಸಿಕೆ ಹಾಕಿಸಿದ ಮಗುವಿಗೆ ನೀವು ನಿಶ್ಚಿಂತೆಯಿಂದ ಎದೆಹಾಲು ಕೊಡಬಹುದು.

ಪ್ರಶ್ನೆ: ಆಸ್ಪತ್ರೆಯಿಂದ ಮೂರನೆಯ ದಿನ ಮನೆಗೆ ಬಂದಿದ್ದೇವೆ. ಮೊದಲ ಸ್ನಾನ ಇನ್ನು ಮನೆಯಲ್ಲಿಯೇ. ನೀರು ಹಾಕಲು ಪಕ್ಕದ ಬೀದಿಯ ಹೆಂಗಸೊಬ್ಬರು ಬರುತ್ತಾರೆ. ಕಾಲು ಚಾಚಿ ಕೂತು, ಮಗುವನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹುಯ್ದು, ಕಡಲೆಹಿಟ್ಟು ಹಚ್ಚಿ, ಕೊನೆಗೆ ಸಾಂಬ್ರಾಣಿ ಹೊಗೆ ಕೊಡುತ್ತಾರೆ. ಹೊಕ್ಕುಳ ಇನ್ನೂ ಬಿದ್ದಿಲ್ಲ. ಇದರಲ್ಲಿ ಯಾವುದು ಸರಿ, ಯಾವುದು ಬೇಡ?
– ಬಾಣಂತಿ, ದಾವಣಗೆರೆ

ಉತ್ತರ: ಮೂರು ದಿನ ಕಾದಿದ್ದರಿಂದ ಮಗುವಿಗೆ ಏನೂ ನಷ್ಟವಾಗಿಲ್ಲ. ಮಗು ದಿನ ತುಂಬಿದ್ದು, ಹಾಲು ಚೆನ್ನಾಗಿ ಕುಡಿಯುತ್ತಿದ್ದು, ಮೈ ಬೆಚ್ಚಗಿದ್ದರೆ ಸ್ನಾನ ಮಾಡಿಸಿ. ಥರ್ಮಾಮೀಟರ್ ಇದ್ದರೆ ಕಂಕುಳಲ್ಲಿಟ್ಟು ನೋಡಿ, 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 36.5ರಿಂದ 37.5 ಸೆಲ್ಸಿಯಸ್ ಒಳಗಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅಂದು ನೀರು ಬೇಡ.

ಹೊತ್ತು ಎಂದರೆ ಬೆಳಿಗ್ಗೆ ಹತ್ತು ಗಂಟೆಯ ಮೇಲೆ, ಮನೆ ಸ್ವಲ್ಪ ಬಿಸಿಯೇರಿದ ನಂತರ. ಹಾಲು ಕುಡಿದ ಕೂಡಲೇ ಬೇಡ, ಕಕ್ಕಿಬಿಡುತ್ತದೆ. ತೀರ ಹಸಿದಿರುವಾಗಲೂ ಬೇಡ. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ. ಒಣಬಟ್ಟೆ, ಅಂಗಿ, ಕುಲಾವಿ ಎಲ್ಲವನ್ನೂ ಕೈಗೆ ಸಿಗುವಂತೆ ಇಟ್ಟುಕೊಂಡ ಮೇಲೆಯೇ ಮಗುವಿನ ಬಟ್ಟೆ ಬಿಚ್ಚಿ. ಸ್ನಾನವಾದ ಮೇಲೆ ‘ಟವಲ್ ಎಲ್ಲಿಟ್ಟೆ’ ಎಂದು ಹುಡುಕುವ ಎರಡು ನಿಮಿಷದಲ್ಲಿಯೇ ಮಗುವಿಗೆ ಚಳಿಯಾಗುವುದು.

ಹಂಡೆಯ ನೀರಿನ ವಿಷಯದಲ್ಲಿ ನನಗೆ ಭಯವಿದೆ. ಬಾಣಂತಿಗೆ ಹದವಾದ ನೀರು ಹಸುಗೂಸಿನ ಚರ್ಮವನ್ನು ಸುಡುತ್ತದೆ. ಮಗುವಿಗೆ ಬೇಕಾದದ್ದು 37–38 ಡಿಗ್ರಿ ಸೆಲ್ಸಿಯಸ್, ಅಂದರೆ ಹೆಚ್ಚುಕಡಿಮೆ ಮೈಶಾಖದ ನೀರು. ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ, ಮೇಲೆ ಬಿಸಿನೀರು ಬೆರೆಸಿ, ಚೆನ್ನಾಗಿ ಕಲಸಿ, ಮೊಣಕೈ ಅದ್ದಿ ನೋಡಿ. ನೀರು ಹಾಕುವವರ ಅಂಗೈ ವರ್ಷಗಟ್ಟಲೆ ಕಾದ ನೀರಿಗೆ ಒಗ್ಗಿ ಗಟ್ಟಿಯಾಗಿರುವುದರಿಂದ ಅವರ ಕೈಯ ಅಂದಾಜನ್ನು ನಂಬುವಂತಿಲ್ಲ. ಮೊಣಕೈ ನಿಮ್ಮದೇ ಇರಲಿ. ಮಗು ಸ್ನಾನ ಮಾಡುತ್ತಿರುವಾಗ ಬಕೆಟ್ಟಿಗೆ ಮತ್ತೆ ಬಿಸಿನೀರು ಸುರಿಯಬಾರದು.

ಕಾಲ ಮೇಲೆ ಮಲಗಿಸಿ ನೀರು ಹಾಕುವ ಪದ್ಧತಿಯಲ್ಲಿ ಮಗು ಜಾರಿ ಬೀಳುವ ಸಂಭವ ಕಡಿಮೆ, ಅದು ಅದರ ದೊಡ್ಡ ಗುಣ. ಆದರೆ ಒದ್ದೆ ಮೈ ಇಡೀ ಹೊತ್ತು ಗಾಳಿಗೆ ತೆರೆದಿರುತ್ತದೆ. ಕೆನಡಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒದ್ದೆ ಬಟ್ಟೆಯಿಂದ ಒರೆಸಿದ ಶಿಶುಗಳಿಗಿಂತ ಟಬ್ಬಿನಲ್ಲಿ ಹೆಗಲವರೆಗೆ ಮುಳುಗಿಸಿ ಸ್ನಾನ ಮಾಡಿಸಿದ ಶಿಶುಗಳ ಮೈ ಕಡಿಮೆ ತಣ್ಣಗಾಯಿತು. ಹೊಕ್ಕುಳು ಒಣಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೀಗಿದ್ದರೂ ಹೊಕ್ಕುಳು ಬೀಳುವವರೆಗೆ ಮೈ ಒರೆಸಿದರೆ ಸಾಕೆಂದು ನಮ್ಮಲ್ಲಿ ಅನೇಕ ವೈದ್ಯರು ಹೇಳುತ್ತಾರೆ, ಅದೂ ತಪ್ಪಲ್ಲ. ನೀವು ಯಾವುದನ್ನೇ ಆರಿಸಿಕೊಂಡರೂ ಐದು ನಿಮಿಷದಲ್ಲಿ ಮುಗಿಸಿ. ತಲೆಯನ್ನು ಕೊನೆಗೆ ತೊಳೆದು ಮೊದಲು ಒಣಗಿಸಿ, ಏಕೆಂದರೆ ಶಿಶುವಿನ ಮೈಯಲ್ಲಿ ತಲೆಯೇ ದೊಡ್ಡ ಭಾಗ, ಅಲ್ಲಿಂದಲೇ ಹೆಚ್ಚು ಶಾಖ ಹೋಗುತ್ತದೆ.

ಹೊಕ್ಕುಳು ಸಾಮಾನ್ಯವಾಗಿ ಐದರಿಂದ ಹದಿನೈದು ದಿನದೊಳಗೆ ಬೀಳುತ್ತದೆ. ಒದ್ದೆಯಾದರೆ ಒಣಬಟ್ಟೆಯಿಂದ ಮೆಲ್ಲನೆ ಒತ್ತಿ ಒಣಗಿಸಿ. ಅರಿಶಿಣ, ಎಣ್ಣೆ, ಬೂದಿ, ಪೌಡರು ಯಾವುದೂ ಬೇಡ.

ಎಣ್ಣೆ ತಿಕ್ಕುವುದಕ್ಕೆ ನನ್ನ ವಿರೋಧವಿಲ್ಲ. ಮಗುವಿಗೂ ಹಿತ, ತಿಕ್ಕುವವರಿಗೂ ಹಿತ. ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹಗುರವಾಗಿ ಸವರಲಿ. ಮೂಗು ಎತ್ತರವಾಗಲೆಂದು ಹಿಂಡುವುದು, ತಲೆ ಗುಂಡಗಾಗಲೆಂದು ಒತ್ತುವುದು, ಮಗುವಿನ ಎದೆ ಗಂಟು ಹಿಂಡಿ ಹಾಲು ತೆಗೆಯುವುದು, ಕಿವಿಗೂ ಮೂಗಿಗೂ ಎಣ್ಣೆ ಬಿಡುವುದು, ಬಾಯಿಂದ ಊದಿ ನೀರು ಹೊರಡಿಸುವುದು ಮಾತ್ರ ಕೂಡದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ; ಹಿಂಡಿದ ಎದೆಯಲ್ಲಿ ಕೀವು ತುಂಬುತ್ತದೆ. ಕಡಲೆಹಿಟ್ಟು ಮಡಿಕೆಗಳಲ್ಲಿ ಉಳಿದು ಚರ್ಮ ಕೆಂಪಾಗುವುದರಿಂದ ಮೊದಲ ತಿಂಗಳು ಅದನ್ನು ಬಿಡಿ, ಬರಿಯ ನೀರು ಸಾಕು. ಸಾಂಬ್ರಾಣಿಯ ಪರಿಮಳ ನನಗೂ ಇಷ್ಟವೇ, ಆದರೆ ಹೊಗೆ ಹೊಗೆಯೇ. ಮಗುವನ್ನು ಬೇರೆ ಕೋಣೆಯಲ್ಲಿಟ್ಟು, ನಿಮ್ಮ ಕೂದಲಿಗೆ ಬೇಕಾದರೆ ಹಿಡಿಸಿಕೊಳ್ಳಿ.

ದಿನವೂ ನೀರು ಹಾಕಲೇಬೇಕೆಂಬ ಕಟ್ಟಳೆ ಇಲ್ಲ. ವಾರಕ್ಕೆ ಎರಡು ಮೂರು ಸಲ ಸಾಕು. ಸ್ನಾನವಾದ ಕೂಡಲೇ ಒರೆಸಿ, ಬಟ್ಟೆ ತೊಡಿಸಿ, ಎದೆಗೆ ಹಾಕಿಕೊಂಡು ಹಾಲು ಕೊಡಿ. ನೀರು ಹಾಕಿದ ಮೇಲೆ ಮಗು ಮೂರು ಗಂಟೆ ಸತತವಾಗಿ ನಿದ್ದೆ ಮಾಡುತ್ತದೆ ಎಂದು ಹೊಗಳುವುದುಂಟು. ಮೊದಲ ವಾರದಲ್ಲಿ ಅಂಥ ನಿದ್ದೆಯನ್ನು ಹೊಗಳುವ ಮೊದಲು ಪಾದ ಮುಟ್ಟಿ ನೋಡಿ. ತಣ್ಣಗಿದ್ದರೆ ಅದು ಸುಖನಿದ್ದೆಯಲ್ಲ, ಚಳಿಯ ಮಂಪರು.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇನೆ. ಅಲ್ಲಿಯ ಆಸ್ಪತ್ರೆಯಲ್ಲಿ ಸ್ನಾನ ಬೇಗ ಬೇಕೋ ತಡವಾಗಿ ಬೇಕೋ ಎಂದು ಪೋಷಕರನ್ನೇ ಕೇಳುತ್ತಾರಂತೆ. ಏನು ಹೇಳಲಿ?
– ನಿವೃತ್ತ ಉದ್ಯೋಗಿ, ಶಿವಮೊಗ್ಗ

ಉತ್ತರ: ತಡವಾಗಿ ಎಂದು ನಿಮ್ಮ ಮಗಳೇ ಹೇಳಲಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ಗೆ ಸೇರಿದ ಒಂದು ಆಸ್ಪತ್ರೆಯಲ್ಲಿ ಸ್ನಾನವನ್ನು ಮೊದಲ ಎರಡು ಗಂಟೆಗಳಿಂದ ಹನ್ನೆರಡು ಗಂಟೆಯಾಚೆಗೆ ಮುಂದೂಡಿ, ಸುಮಾರು ಸಾವಿರ ತಾಯಿ-ಮಕ್ಕಳ ದಾಖಲೆಗಳನ್ನು ಹೋಲಿಸಿದರು. ಆಸ್ಪತ್ರೆಯಲ್ಲಿದ್ದಾಗ ಎದೆಹಾಲು ಮಾತ್ರ ಕುಡಿದ ಮಕ್ಕಳ ಪ್ರಮಾಣ ನೂರಕ್ಕೆ 59.8ರಿಂದ 68.2ಕ್ಕೆ ಏರಿತ್ತು, ಇದು 2019ರಲ್ಲಿ ಪ್ರಕಟವಾಯಿತು. ತಾಯಿ ಮಗು ಅಗಲದೆ ಇರುವುದು, ಮಗುವಿನ ಮೈ ತಣ್ಣಗಾಗದಿರುವುದು, ಅದರ ಕೈಗೆ ಅಂಟಿದ ಗರ್ಭದ ನೀರಿನ ವಾಸನೆಯೇ ಮೊಲೆಯ ದಾರಿ ತೋರುವುದು, ಇವೆಲ್ಲ ಸೇರಿ ಹೀಗಾಗಿರಬಹುದೆಂದು ತಜ್ಞರ ಅಂದಾಜು. ಅಲ್ಲಿಯ ಚಳಿಗಾಲದಲ್ಲಿ ಮನೆಯ ಹೀಟರನ್ನು ನಂಬಿ ಬಚ್ಚಲುಮನೆಯ ಗಾಳಿ ಎಳೆಯುವ ಫ್ಯಾನು ಹಾಕಿಬಿಡಬೇಡಿ. ಮಲಗುವ ಕೋಣೆಯನ್ನೇ 26–27 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿಕೊಂಡು ಅಲ್ಲಿಯೇ ಟಬ್ಬಿನಲ್ಲಿ ಸ್ನಾನ ಮಾಡಿಸುವುದು ಸರಳ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಮನೆ ಭೇಟಿಗೆ ಹೋಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಸ್ನಾನ ಆಗಿಬಿಟ್ಟಿರುತ್ತದೆ. ಆಗ ನಾನು ಏನು ನೋಡಬೇಕು, ಏನು ಮಾಡಬೇಕು?
– ಆಶಾ ಕಾರ್ಯಕರ್ತೆ, ಸಿಂಧನೂರು

ಉತ್ತರ: ಮೊದಲು, ಆಗಿಹೋದ ಸ್ನಾನಕ್ಕೆ ಮನೆಯವರನ್ನು ಬಯ್ಯಬೇಡಿ, ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ. ಆಸ್ಪತ್ರೆ ಹೆರಿಗೆಯಾದರೆ ನಿಮ್ಮ ಭೇಟಿ 3, 7, 14, 21, 28 ಮತ್ತು 42ನೆಯ ದಿನ, ಮನೆ ಹೆರಿಗೆಯಾದರೆ ಮೊದಲ ದಿನವೂ ಸೇರುತ್ತದೆ. ಮೂರನೆಯ ದಿನ ಹೋಗಿ ಮೊದಲ ದಿನದ ಮಾತು ಹೇಳಿ ಫಲವಿಲ್ಲವಾದ್ದರಿಂದ, ಏಳನೆಯ ತಿಂಗಳಲ್ಲಿ ತಾಯಿ ಕಾರ್ಡ್ ನೋಡಲು ಹೋದಾಗಲೇ ಗರ್ಭಿಣಿಯ ಜೊತೆಗೆ ಅತ್ತೆಯನ್ನೂ, ನೀರು ಹಾಕಲು ಬರುವವರನ್ನೂ ಕೂರಿಸಿಕೊಂಡು ಮಾತನಾಡಿ. ನೀರು ಹಾಕುವವರನ್ನು ಹೊರಗಿಟ್ಟು ಮಾಡಿದ ಬೋಧನೆ ನಿಲ್ಲುವುದನ್ನು ನಾನು ಕಂಡಿಲ್ಲ.

ಸ್ನಾನವಾಗಿರುವ ಮಗುವನ್ನು ನೋಡುವಾಗ ನಿಮ್ಮ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಕೈಯ ಹಿಂಬದಿಯಿಂದ ಮಗುವಿನ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ. ಎರಡೂ ಬೆಚ್ಚಗಿದ್ದು ಅಂಗಾಲು ನಸುಗೆಂಪಾಗಿದ್ದರೆ ಚಿಂತೆಯಿಲ್ಲ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗು ಚಳಿಯ ಜೊತೆ ಸೆಣಸುತ್ತಿದೆ ಎಂದರ್ಥ. ಒದ್ದೆ ಬಟ್ಟೆ ತೆಗೆದು, ಕುಲಾವಿ ಹಾಕಿ, ತಾಯಿಯ ಬರಿ ಎದೆಗೆ ಒರಗಿಸಿ ಮೇಲೆ ಕಂಬಳಿ ಹೊದಿಸಿ, ಹಾಲು ಕುಡಿಸಲು ಹೇಳಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಬಿಸಿನೀರಿನ ಬಾಟಲಿ, ಕೆಂಡದ ಶಾಖ ಬೇಡ, ಸುಟ್ಟುಕೊಳ್ಳುತ್ತದೆ. ಹೊಟ್ಟೆಯೂ ಪಾದವೂ ಎರಡೂ ತಣ್ಣಗಿದ್ದರೆ, ಥರ್ಮಾಮೀಟರ್ 95.9 ಫ್ಯಾರನ್‌ಹೀಟ್‌ಗಿಂತ ಕೆಳಗೆ ತೋರಿಸಿದರೆ, ಇಲ್ಲವೇ ಮಗು ಹಾಲು ಹಿಡಿಯದೆ, ಅಳು ಕ್ಷೀಣವಾಗಿ, ಮೈ ಸಡಿಲ ಬಿಟ್ಟಿದ್ದರೆ ಕಾಯಬೇಡಿ. ಹುಟ್ಟಿದ ಮಗು ತಣ್ಣಗಾಗುವುದು ಕೆಲವೊಮ್ಮೆ ಸ್ನಾನದಿಂದಲ್ಲದೆ ರಕ್ತದಲ್ಲಿ ಸೋಂಕು ಹರಡಿದ್ದರಿಂದಲೂ ಆಗಿರುತ್ತದೆ, ಮನೆಯಲ್ಲಿ ಅದನ್ನು ಬೇರ್ಪಡಿಸಿ ಹೇಳಲಾಗದು. 108ಕ್ಕೆ ಕರೆ ಮಾಡಿ, ದಾರಿಯುದ್ದಕ್ಕೂ ಮಗು ತಾಯಿಯ ಸೆರಗಿನೊಳಗೆ ಎದೆಗೆ ಅಂಟಿಕೊಂಡೇ ಇರಲಿ, ತೂಕ ಬರೆದಿರುವ ತಾಯಿ ಕಾರ್ಡನ್ನು ಜೊತೆಗೆ ಕಳುಹಿಸಿ.